ಲೆಕ್ಕಕ್ಕೆ ಬಾರದ ಸಾಸಿವೆ

2022ರ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ, ಉತ್ತರ ಕೆರೊಲಿನಾದ ಏಪೆಕ್ಸ್ ಎಂಬ ಊರಿನಲ್ಲಿ, ನನ್ನ ಗೆಳತಿಯ ಮನೆಯ ಊಟದ ಮೇಜಿನ ಮುಂದೆ ಕುಳಿತಿದ್ದಾಗ ನಾನೊಂದು ದೊಡ್ಡ ತಪ್ಪು ಮಾಡಿರುವುದು ನನಗೆ ತಿಳಿಯಿತು. ಆ ತಪ್ಪು ಸಿಕ್ಕಿದ್ದು ಚಿತ್ರಾನ್ನದ ತಟ್ಟೆಯಲ್ಲಿ. ಈಗ ಹೇಳಿದರೆ ಕೇಳಿದವರು ನಗುತ್ತಾರೆ. ಅಂದು ನಾವೂ ಮೊದಲು ನಕ್ಕೆವು, ಅನಂತರ ಒಬ್ಬೊಬ್ಬರಾಗಿ ಸುಮ್ಮನಾದೆವು. ಏಕೆಂದರೆ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ಏಳು ಮಂದಿ ಹೆಂಗಸರು ಸೇರಿ ನಡೆಸುತ್ತಿದ್ದ ಅಡುಗೆಮನೆ ಉಳಿಯುವುದೋ ಮುಚ್ಚುವುದೋ ಎಂಬುದು ಆ ತಪ್ಪಿನ ಮೇಲೆ ನಿಂತಿತ್ತು.

ನಾವಿರುವುದು ವರ್ಜೀನಿಯಾದ ರೆಸ್ಟನ್‌ನಲ್ಲಿ. ಕಂಪನಿಯೊಂದರಲ್ಲಿ ಕಾಗದಪತ್ರಗಳನ್ನು ನಿಯಮಗಳಿಗೆ ಹೊಂದಿಸಿ ನೋಡುವುದು ನನ್ನ ಕೆಲಸ. ಧಾರವಾಡದಲ್ಲಿ ಓದುವಾಗ ನಾನು ಮತ್ತು ನನ್ನ ಹಾಸ್ಟೆಲಿನ ಗೆಳತಿ ಮಂಗಳಾ ಕಾಲೇಜಿನ ಚರ್ಚಾಸ್ಪರ್ಧೆಯ ಜೋಡಿಯಾಗಿದ್ದೆವು. ಅವಳು ಪರ, ನಾನು ವಿರೋಧ. ಊರೂರು ತಿರುಗಿ ಪಾರಿತೋಷಕ ತರುತ್ತಿದ್ದೆವು. ಒಮ್ಮೆ ಮಾತ್ರ ಚೀಟಿ ಎತ್ತಿದಾಗ ಪರ ನನ್ನ ಪಾಲಿಗೆ ಬಂತು. ಕಚ್ಚಾ ಮಾಲು ಮಾರುವ ನಾಡು ಸಿದ್ಧವಸ್ತು ಮಾರುವಂತಾಗದ ಹೊರತು ಅದರ ಸ್ವಾತಂತ್ರ್ಯ ಪೂರ್ಣವಲ್ಲ ಎಂಬುದು ಅಂದಿನ ವಿಷಯ. ಗೆಲ್ಲುವುದಕ್ಕಾಗಿ ಆಡಿದ ಆ ಮಾತನ್ನು ವೇದಿಕೆಯಿಂದ ಇಳಿದ ಮೇಲೂ ನನ್ನಿಂದ ಬಿಡಲಾಗಲಿಲ್ಲ. ಇಂದಿಗೂ ಅದನ್ನೇ ನಂಬಿದ್ದೇನೆ.

ಆದ್ದರಿಂದಲೇ, ಕೆರಿಬಿಯನ್ ದ್ವೀಪಗಳ ಸಣ್ಣ ಆಹಾರ ತಯಾರಕರನ್ನು ಯುರೋಪಿನ ಮಾರುಕಟ್ಟೆಗೆ ಸಿದ್ಧಗೊಳಿಸುವ ಒಂದು ಸ್ವಯಂಸೇವಾ ಸಂಸ್ಥೆ ಮಾರ್ಗದರ್ಶಕರು ಬೇಕೆಂದು ಕೇಳಿದಾಗ ಮರುಯೋಚಿಸದೆ ಹೆಸರು ಕೊಟ್ಟೆ. ಆ ದ್ವೀಪಗಳ ಸರಕು ಯುರೋಪಿನೊಳಕ್ಕೆ ಸುಂಕವಿಲ್ಲದೆ ಹೋಗಬಹುದು, ಅಂಥದೊಂದು ಒಪ್ಪಂದವಿದೆ. ಅಲ್ಲಿಯ ದೊಡ್ಡ ನಗರಗಳಲ್ಲಿ ದ್ವೀಪಗಳಿಂದ ಹೋಗಿ ನೆಲೆಸಿದವರಿದ್ದಾರೆ, ಹೊಸ ರುಚಿ ಹುಡುಕುವ ಅಲ್ಲಿಯವರೂ ಇದ್ದಾರೆ. ಬಾಗಿಲು ತೆರೆದೇ ಇದೆ. ಆದರೆ ಹೊಸ್ತಿಲಲ್ಲಿ ಪ್ರಯೋಗಾಲಯದ ವರದಿ, ಬಾಟಲಿಯ ಲೇಬಲ್, ಆಯಾ ದೇಶದ ಭಾಷೆ ಎಂಬ ಅಡೆತಡೆಗಳಿವೆ. ಕೈಯಲ್ಲಿ ರುಚಿಯಿದ್ದವರು ಕಾಗದದ ಮುಂದೆ ಸೋತು ಹಿಂದಿರುಗುತ್ತಾರೆ. ಕಾಗದ ನನ್ನ ಕೈಯಲ್ಲಿದೆ, ಅದನ್ನೇ ಅವರಿಗೆ ಕೊಡೋಣ ಎಂಬುದು ನನ್ನ ಹಂಬಲವಾಗಿತ್ತು.

ನನ್ನ ಪಾಲಿಗೆ ಬಂದವರು ಗ್ರೆನಡಾ ದ್ವೀಪದ ಆಲ್ಮಾ. ಅರವತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ದ್ವೀಪದಲ್ಲಿ ಎಲ್ಲರೂ ಅವರನ್ನು ಮಿಸ್ ಆಲ್ಮಾ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆದೆ. ಅಲ್ಲಿ ಗೋಲ್ಡನ್ ಆ್ಯಪಲ್ ಎಂಬ ಹಣ್ಣು ಬೆಳೆಯುತ್ತದೆ. ಹೆಸರು ಕೇಳಿ ಸೇಬೆಂದುಕೊಳ್ಳಬಾರದು; ಒಳಗೆ ನಾರಿನ ಓಟೆ, ಹುಳಿಸಿಹಿ ತಿರುಳು, ಥೇಟ್ ನಮ್ಮ ಅಮಟೆಕಾಯಿಯ ಅಣ್ಣ. ಕಾಲ ಬಂದಾಗ ತಿನ್ನುವವರಿಗಿಂತ ಹಣ್ಣೇ ಹೆಚ್ಚಾಗಿ ಮರದಡಿ ಬಿದ್ದು ಕೊಳೆಯುತ್ತದೆ. ಅದನ್ನು ಆರಿಸಿ ತಂದು, ಖಾರದ ಮೆಣಸಿನಕಾಯಿಯೊಡನೆ ಅರೆದು ಸಾಸ್ ಮಾಡಿ ಬಾಟಲಿಗೆ ತುಂಬುವ ಕೆಲಸವನ್ನು ಮಿಸ್ ಆಲ್ಮಾ ತಮ್ಮ ಆರು ಮಂದಿ ನೆರೆಹೊರೆಯವರೊಂದಿಗೆ ಆರಂಭಿಸಿದ್ದರು. ಚರ್ಚಿನ ಹಿಂದಿನ ಕೋಣೆ ಅವರ ಅಡುಗೆಮನೆ. ಕ್ರಿಸ್‌ಮಸ್‌ನೊಳಗೆ ಒಂದು ಕಾಯಂ ಬೇಡಿಕೆ ಸಿಗದಿದ್ದರೆ ಆ ಕೋಣೆಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ಚರ್ಚಿನ ಸಮಿತಿ ಹೇಳಿತ್ತು. ಸ್ಥಳೀಯ ಅಂಗಡಿಗಳೂ ಅಮೆರಿಕದ ಒಂದೆರಡು ಅಂಗಡಿಗಳೂ ಕೊಳ್ಳುವಷ್ಟರಿಂದ ಏಳು ಜನಕ್ಕೆ ವರ್ಷವಿಡೀ ಕೆಲಸ ಇರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಶನಿವಾರ ವಿಡಿಯೊ ಕರೆಯಲ್ಲಿ ಅವರು ಸಾಸ್ ಮಾಡಿ ತೋರಿಸಿದರು, ನಾನು ಪದಾರ್ಥಗಳನ್ನು ಬರೆದುಕೊಂಡೆ. ವೇಗವಾಗಿ ಬರೆಯಬೇಕಾದಾಗ ನನ್ನ ಕೈ ತಾನಾಗಿ ಕನ್ನಡಕ್ಕೆ ತಿರುಗುತ್ತದೆ. ಹಣ್ಣಿನ ತಿರುಳು, ಮೆಣಸಿನಕಾಯಿ, ವಿನೆಗರ್, ಬೆಳ್ಳುಳ್ಳಿ, ಉಪ್ಪು, ಅರಿಶಿನ, ಜಾಯಿಕಾಯಿ. ಕೊನೆಯಲ್ಲಿ ಅವರು ಸಣ್ಣ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಚಿಟಿಕೆ ಕಾಳು ಹಾಕಿ ಸಿಡಿಸಿ, ಅದನ್ನು ಕುಟ್ಟಿ ಸಾಸಿಗೆ ಸೇರಿಸಿದರು. ನಾನು ನಗುತ್ತ, "ಮಿಸ್ ಆಲ್ಮಾ, ನಮ್ಮ ಅಮ್ಮನೂ ಹೀಗೇ ಮಾಡೋದು" ಎಂದೆ, ಪುಸ್ತಕದಲ್ಲಿ ಒಂದೇ ಪದ ಬರೆದೆ: ಒಗ್ಗರಣೆ.

ಮಾರನೆಯ ದಿನ ಆ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಒಗ್ಗರಣೆಯ ಜಾಗದಲ್ಲಿ 'ಮಸಾಲೆ ಪದಾರ್ಥಗಳು' ಎಂದು ಹಾಕಿದೆ. ಯುರೋಪಿನಲ್ಲಿ ಹದಿನಾಲ್ಕು ಪದಾರ್ಥಗಳ ಒಂದು ಪಟ್ಟಿಯಿದೆ. ಕೆಲವರ ದೇಹಕ್ಕೆ ಅವು ಒಗ್ಗುವುದಿಲ್ಲ, ಮೈಮೇಲೆ ದದ್ದು ಏಳುವುದರಿಂದ ಹಿಡಿದು ಉಸಿರು ಕಟ್ಟುವವರೆಗೆ ಹೋಗಬಹುದು. ಆದ್ದರಿಂದ ಅವು ಎಷ್ಟು ಕಡಿಮೆ ಇದ್ದರೂ ಲೇಬಲ್ಲಿನ ಮೇಲೆ ಎದ್ದು ಕಾಣುವಂತೆ ಬರೆಯಲೇಬೇಕು. ನಾನು ಟೈಪ್ ಮಾಡಿದ ಹಾಳೆಯನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು, ಹದಿನಾಲ್ಕಕ್ಕೂ 'ಇಲ್ಲ' ಎಂದು ಗುರುತು ಹಾಕಿದೆ. ಪಟ್ಟಿಯನ್ನು ಪಟ್ಟಿಯೊಂದಿಗೆ ಹೋಲಿಸಿದೆ, ಬಾಣಲೆಯೊಂದಿಗೆ ಹೋಲಿಸಲಿಲ್ಲ. ಲೇಬಲ್ ಅಚ್ಚಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಬೇರೆಬೇರೆ ದೇಶಗಳ ತಿನಿಸುಗಳನ್ನು ಅಂಗಡಿಗಳಿಗೆ ಒದಗಿಸುವ ಹೆಂಡ್ರಿಕ್ ಎಂಬ ವ್ಯಾಪಾರಿಗೆ ಮಾದರಿ ಬಾಟಲಿಗಳು ಹೋದವು. ರುಚಿ ಹಿಡಿಸಿತೆಂದೂ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ವ್ಯಾಪಾರ ಮೇಳಕ್ಕೆ ಬಂದಾಗ ಭೇಟಿಯಾಗೋಣವೆಂದೂ ಆತ ಬರೆದ. ಕ್ರಿಸ್‌ಮಸ್ ಮಾರಾಟದ ಅವನ ಪಟ್ಟಿಯಲ್ಲಿ ಇನ್ನು ಒಂದೇ ಜಾಗ ಉಳಿದಿತ್ತು.

ಮಿಸ್ ಆಲ್ಮಾ ಆ ಸಂಸ್ಥೆಯ ತರಬೇತಿಯ ಕೊನೆಯ ವಾರಕ್ಕೆ ವಾಷಿಂಗ್ಟನ್‌ಗೆ ಬಂದು, ಹತ್ತಿರದ ನಮ್ಮ ಮನೆಯಲ್ಲೇ ಉಳಿದರು. ಮೊದಲ ದಿನವೇ ನನ್ನ ಹನ್ನೆರಡು ವರ್ಷದ ಮಗಳು ಇಂಚರ ಸಾಸನ್ನು ದೋಸೆಗೆ ಹಚ್ಚಿಕೊಂಡು, "ಅಮ್ಮಾ, ದಿಸ್ ಈಸ್ ಅಜ್ಜೀಸ್ ಗೊಜ್ಜು! ಟೋಟಲಿ!" ಎಂದು ಕೂಗಿದಳು. ಮಿಸ್ ಆಲ್ಮಾಗೆ ಅದು ಬಹುಮಾನ ಬಂದಷ್ಟು ಸಂತೋಷ ತಂದಿತು. ಅಜ್ಜಿ ಎಂಬ ಪದವನ್ನು ಕೇಳಿ ಕಲಿತು, ಅಂದಿನಿಂದ ಮಗಳೊಂದಿಗೆ ಮಾತಾಡುವಾಗ ತಮ್ಮನ್ನು ಹಾಗೆಯೇ ಕರೆದುಕೊಂಡರು. ಶುಕ್ರವಾರ ಬೆಳಗ್ಗೆ ಬಾಟಲಿಗಳ ಎರಡು ಪೆಟ್ಟಿಗೆಗಳನ್ನು ಕಾರಿನ ಹಿಂದೆ ಇಟ್ಟುಕೊಂಡು ನಾವಿಬ್ಬರೂ ಅಟ್ಲಾಂಟಾ ಕಡೆಗೆ ಹೊರಟೆವು. ದಾರಿಯಲ್ಲಿ ಏಪೆಕ್ಸ್‌ನಲ್ಲಿರುವ ಮಂಗಳಾಳ ಮನೆಯಲ್ಲಿ ಒಂದು ದಿನ ತಂಗುವುದು, ಶನಿವಾರ ಮತ್ತೆ ಪ್ರಯಾಣ, ಸೋಮವಾರ ಭೇಟಿ ಎಂಬುದು ನಮ್ಮ ಯೋಜನೆ.

ಮಧ್ಯಾಹ್ನ ತಲುಪಿದೆವು. ಮಂಗಳಾ ಬಾಗಿಲಲ್ಲೇ, "ಬರ್ರಿ, ಬರ್ರಿ! ಕೈ ತೊಳಕೊಂಡು ಸೀದಾ ಊಟಕ್ಕ ಕೂಡ್ರಿ, ಮಾತೆಲ್ಲಾ ಆಮ್ಯಾಲ" ಎಂದಳು. ಮಿಸ್ ಆಲ್ಮಾಗೆ ಭಾಷೆ ತಿಳಿಯದಿದ್ದರೂ ಆಜ್ಞೆ ತಿಳಿಯಿತು. ಮೇಜಿನ ಮೇಲೆ ಚಿತ್ರಾನ್ನ, ಮೊಸರು, ಹುರಿದ ಬದನೆಕಾಯಿ. ಎರಡು ತುತ್ತು ತಿಂದ ಮಿಸ್ ಆಲ್ಮಾ, ಇದರಲ್ಲಿ ಏನೇನಿದೆ ಎಂದು ಕೇಳಿದರು. ಅವರಾಡಿದ್ದು ಇಂಗ್ಲಿಷಿನಲ್ಲಿ, ಆ ದ್ವೀಪದ ಮಾತಿನ ಲಯವನ್ನು ನಾನು ತರಲಾರೆ, ನನಗೆ ಕೇಳಿಸಿದ ಹಾಗೆ ಬರೆಯುತ್ತಿದ್ದೇನೆ.

ನಾನು ಹೇಳಿದೆ: "ಅನ್ನ, ನಿಂಬೆರಸ, ಅರಿಶಿನ, ಹಸಿಮೆಣಸಿನಕಾಯಿ, ಕರಿಬೇವು."

"ಶೇಂಗಾ ಬಿಟ್ಟಿ ನೋಡು, ಕಡ್ಲಿಬ್ಯಾಳಿನೂ" ಎಂದು ಮಂಗಳಾ ಸೇರಿಸಿದಳು. ಅವಳು ಹೇಳಿದ್ದನ್ನು ಮಿಸ್ ಆಲ್ಮಾಗೆ ಇಂಗ್ಲಿಷಿನಲ್ಲಿ ಹೇಳಿದೆ.

"ಅಷ್ಟೇನಾ?"

"ಅಷ್ಟೇ."

ಮಿಸ್ ಆಲ್ಮಾ ನಾಲಿಗೆಯ ತುದಿಯಿಂದ ಒಂದು ಕಪ್ಪು ಕಾಳನ್ನು ತೆಗೆದು ಬೆರಳ ಮೇಲಿಟ್ಟುಕೊಂಡು, "ಹಾಗಾದರೆ ಹಲ್ಲಿನ ಸಂದಿಯಲ್ಲಿ ಕೂತಿರೋ ಈ ಮನುಷ್ಯ ಯಾರಪ್ಪಾ?" ಎಂದರು.

ನಾನು ಮಂಗಳಾಳಿಗೆ, "ಸಾಸಿವೆ ಯಾಕೆ ಹೇಳಲಿಲ್ಲ ನೀನು?" ಎಂದು ಕೇಳಿದೆ.

"ಸಾಸಿವಿ? ಅದನ್ನೇನು ಹೇಳೂದು? ಒಗ್ಗರಣಿ ಅಂದಮ್ಯಾಲ ಸಾಸಿವಿ ಇದ್ದೇ ಇರತದ. ನೀನರ ಎಲ್ಲಿ ಹೇಳ್ದಿ?"

ಇಬ್ಬರೂ ನಕ್ಕೆವು. ಏನೆಂದು ಕೇಳಿದ ಮಿಸ್ ಆಲ್ಮಾಗೆ ವಿವರಿಸಿದೆ: ನಮ್ಮಲ್ಲಿ ಸಾಸಿವೆಯನ್ನು ಯಾರೂ ಪದಾರ್ಥವೆಂದು ಎಣಿಸುವುದಿಲ್ಲ, ಅದು ಒಗ್ಗರಣೆಯ ಒಳಗೇ ಸೇರಿಹೋಗಿರುತ್ತದೆ, ಉಸಿರಾಡುವುದನ್ನು ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಅವರೂ ನಕ್ಕರು. ಅನಂತರ ನಗು ನಿಂತಿತು. ಚಮಚವನ್ನು ತಟ್ಟೆಯ ಪಕ್ಕದಲ್ಲಿ ನೇರವಾಗಿಟ್ಟು ನನ್ನನ್ನು ನೋಡಿದರು.

"ಶೈಲಾ ಡಾರ್ಲಿಂಗ್, ನಾನೂ ಸಾಸಿಗೆ ಸಾಸಿವೆ ಸಿಡಿಸಿ ಹಾಕ್ತೀನಲ್ಲ. ಅದನ್ನ ನೀನು ಎಲ್ಲಿ ಬರೆದಿದ್ದೀಯ?"

ಊಟ ಬಿಟ್ಟು ಎದ್ದು ಕಾರಿಗೆ ಹೋದೆ. ಬಾಟಲಿ ತಂದೆ, ಚೀಲದಿಂದ ಪುಸ್ತಕವನ್ನೂ ತೆಗೆದೆ. ಬಾಟಲಿಯ ಮೇಲೆ 'ಮಸಾಲೆ ಪದಾರ್ಥಗಳು'. ಪುಸ್ತಕದಲ್ಲಿ 'ಒಗ್ಗರಣೆ'. ಸಾಸಿವೆ ಎರಡರಲ್ಲಿಯೂ ಇರಲಿಲ್ಲ. ಯುರೋಪಿನ ಆ ಹದಿನಾಲ್ಕರಲ್ಲಿ ಸಾಸಿವೆಯೂ ಒಂದು ಎಂಬುದು ನನಗೆ ಬಾಯಿಪಾಠವಾಗಿತ್ತು. ಅಮೆರಿಕದಲ್ಲಿ ಅದನ್ನು ಹಾಗೆ ಎತ್ತಿ ಹೇಳಬೇಕಿಲ್ಲ. ಮಿಸ್ ಆಲ್ಮಾ ಇಲ್ಲಿನ ಅಂಗಡಿಗಳಿಗೆ ಕಳಿಸುತ್ತಿದ್ದ ಹಳೆಯ ಬಾಟಲಿಗಳ ಮೇಲೂ 'ಮಸಾಲೆ' ಎಂದೇ ಇತ್ತು. ಹಾಗಾಗಿ ಅಚ್ಚಿಗೆ ಹೋಗುವ ಮುಂಚೆ ಕರಡು ನೋಡಿದಾಗ ಅವರಿಗೂ ಅನುಮಾನ ಬಂದಿರಲಿಲ್ಲ. ಆದರೆ ಯುರೋಪಿನ ನಿಯಮ ಅವರಿಗೆ ಗೊತ್ತಿರಬೇಕಾಗಿರಲಿಲ್ಲ. ಅದನ್ನು ತಿಳಿಸಿಕೊಡಲೆಂದೇ ನಾನಿದ್ದೆ.

ಮಿಸ್ ಆಲ್ಮಾ ಕೇಳಿದ ಮೊದಲ ಪ್ರಶ್ನೆ ಲೇಬಲ್ಲಿನ ಬಗ್ಗೆ ಇರಲಿಲ್ಲ. "ಆ ಹೆಂಡ್ರಿಕ್ ಹತ್ತಿರ ಇರೋ ಬಾಟಲಿಗಳನ್ನ ಯಾರು ತಿಂತಾರೆ?"

"ಅದು ಮಾರಾಟಕ್ಕಲ್ಲ, ಬರೀ ಸ್ಯಾಂಪಲ್" ಎಂದೆ.

"ಸ್ಯಾಂಪಲ್ಲನ್ನ ಯಾರೂ ತಿನ್ನೋದಿಲ್ವಾ?"

ಆ ಹೊತ್ತಿಗೆ ನನ್ನೊಳಗಿನ ಚರ್ಚಾಪಟು ಎದ್ದು ನಿಂತಿದ್ದಳು. ನಿಯಮ ಅನ್ವಯಿಸುವುದು ಮಾರುಕಟ್ಟೆಗೆ ಬಂದ ಸರಕಿಗೆ, ಮಾದರಿಗಲ್ಲ. ಎರಡನೆಯದಾಗಿ, ಮಾರಾಟಕ್ಕೆ ಮುಂಚೆ ಆಮದುದಾರನೇ ತನ್ನ ಭಾಷೆಯ ಚೀಟಿಯೊಂದನ್ನು ಅಂಟಿಸುವುದು ರೂಢಿ, ಅದರಲ್ಲಿ ಸರಿಪಡಿಸಬಹುದು. ಮೂರನೆಯದಾಗಿ, ಈಗ ಹೇಳಿದರೆ ಉಳಿದಿರುವ ಒಂದೇ ಜಾಗವೂ ಕೈತಪ್ಪುತ್ತದೆ; ಸೋಮವಾರ ಮಾತುಕತೆ ಮುಗಿದು ಒಪ್ಪಿಗೆಯಾದ ಮೇಲೆ ಹೇಳಿದರೆ ಅದು ಸಣ್ಣ ತಿದ್ದುಪಡಿಯಷ್ಟೇ ಆಗುತ್ತದೆ. ಇಷ್ಟನ್ನೂ ಕ್ರಮವಾಗಿ ಮಂಡಿಸಿದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಬಲಕ್ಕಿರಲಿ ಎಂದು ಮನೆಗೂ ಫೋನ್ ಮಾಡಿದೆ. ನನ್ನ ಗಂಡ ಪ್ರಶಾಂತ್, "ಅಯ್ಯೋ, ಜಸ್ಟ್ ಸ್ಯಾಂಪಲ್ ಕಣೇ. ಸ್ಟಿಕ್ಕರ್ ಪ್ರಿಂಟ್ ಮಾಡಿ ಅಂಟಿಸಿದ್ರೆ ಆಯ್ತು. ಮಂಡೇ ಮೀಟಿಂಗ್ ಆದ್ಮೇಲೆ ಕ್ಯಾಶುಯಲ್ಲಾಗಿ ಮೆನ್ಷನ್ ಮಾಡು, ಯಾಕೆ ಪ್ಯಾನಿಕ್ ಮಾಡ್ತೀಯ?" ಎಂದರು.

ಮಂಗಳಾ ಕೈಕಟ್ಟಿಕೊಂಡು ಕೇಳುತ್ತಿದ್ದಳು. "ಶೈಲಾ, ನೀ ಇನ್ನೂ ಧಾರವಾಡದ ಸ್ಟೇಜಿನ ಮ್ಯಾಲೇ ನಿಂತೀಯಲ್ಲ ಮಾರಾಯ್ತಿ! ಎದುರಿಗೆ ವಿರೋಧಿ ತಂಡ ಇಲ್ಲ. ಈ ಅಜ್ಜಿ ಒಂದು ಪ್ರಶ್ನೆ ಕೇಳ್ಯಾರ, ಅದಕ್ಕ ಉತ್ತರ ಕೊಡು. ಆ ಬಾಟ್ಲಿ ಯಾರು ತಿಂತಾರ?"

ನಾನು ಪುಸ್ತಕ ಮುಚ್ಚಿದೆ.

ಮಿಸ್ ಆಲ್ಮಾ ನನ್ನ ವಾದವನ್ನು ಖಂಡಿಸಲಿಲ್ಲ. ನೀನು ಹೇಳಿದ್ದೆಲ್ಲ ಸರಿಯಿರಬಹುದು, ನನಗೆ ಕಾನೂನು ತಿಳಿಯದು ಎಂದರು. ಅವರ ತರಗತಿಯಲ್ಲಿ ಹಿಂದೆ ಕಡಲೆಕಾಯಿ ಒಗ್ಗದ ಒಂದು ಮಗುವಿತ್ತಂತೆ. ಯಾರದೋ ಹುಟ್ಟುಹಬ್ಬದ ಮಿಠಾಯಿ ತಿಂದು ಆ ಮಗುವಿನ ತುಟಿ ಊದಿಕೊಂಡದ್ದನ್ನು ಅವರು ಕಂಡಿದ್ದರು. "ಮಗು ಉಳೀತು, ಡಾರ್ಲಿಂಗ್. ಆದರೆ ಆ ಮಿಠಾಯಿ ಹಂಚಿದವಳು ನಾನು" ಎಂದಷ್ಟೇ ಹೇಳಿ, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಹೆಂಡ್ರಿಕ್‌ನ ಸಂಖ್ಯೆಗೆ ಕರೆ ಮಾಡಿದರು. ಅವನಾಗಲೇ ಅಟ್ಲಾಂಟಾ ತಲುಪಿದ್ದ. ನಾನು ಅವರ ಎದುರು ಕುಳಿತು ಕೇಳಿದೆ. ಪೀಠಿಕೆಯಿಲ್ಲ, ಸಮಜಾಯಿಷಿಯಿಲ್ಲ.

"ಮಿಸ್ಟರ್ ಹೆಂಡ್ರಿಕ್, ನಾನು ಗ್ರೆನಡಾದ ಆಲ್ಮಾ. ನನ್ನ ಸಾಸಿನಲ್ಲಿ ಸಾಸಿವೆ ಇದೆ, ಲೇಬಲ್ಲಿನ ಮೇಲೆ ಬರೆದಿಲ್ಲ. ಇದು ತಿಳಿದು ಅರ್ಧ ಗಂಟೆಯಾಯಿತು. ದಯವಿಟ್ಟು ಆ ಬಾಟಲಿಗಳನ್ನ ಯಾರಿಗೂ ಕೊಡಬೇಡಿ."

ಅವನು, "ತಿಳಿಸಿದ್ದಕ್ಕೆ ಧನ್ಯವಾದ. ನಾನು ನಮ್ಮವರ ಜೊತೆ ಮಾತಾಡಬೇಕು" ಎಂದು ಕರೆ ಮುಗಿಸಿದ. ಸೋಮವಾರದ ಮಾತೇ ಇಲ್ಲ. ಮಿಸ್ ಆಲ್ಮಾ ಫೋನನ್ನು ಮೇಜಿನ ಮೇಲಿಟ್ಟು, ತಣ್ಣಗಾಗಿದ್ದ ಚಿತ್ರಾನ್ನವನ್ನು ಒಂದು ಅಗುಳೂ ಬಿಡದೆ ತಿಂದು ಮುಗಿಸಿದರು. ನನ್ನ ಕೈಯಿಂದ ಆಗಲಿಲ್ಲ. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಅವರು ಮಂಗಳಾಳಿಗೆ, "ನಿನ್ನ ಗೆಳತಿ ಊಟ ಮಾಡದಿದ್ದರೆ ನಾಳೆ ಕಾರು ಓಡಿಸೋರು ಯಾರು?" ಎಂದು ಕೇಳುತ್ತಿದ್ದದ್ದು ನನಗೆ ಕೇಳಿಸಿತು.

ಶನಿವಾರ ಬೆಳಗ್ಗೆ ಹೊರಟಾಗ ಭೇಟಿ ಉಳಿದಿದೆಯೋ ಇಲ್ಲವೋ ನಮಗೆ ತಿಳಿದಿರಲಿಲ್ಲ. ದಕ್ಷಿಣ ಕೆರೊಲಿನಾದಲ್ಲಿ ರಸ್ತೆಯ ಬದಿ ಒಬ್ಬ ಮುದುಕ ದೊಡ್ಡ ಹಂಡೆಯಲ್ಲಿ ಶೇಂಗಾ ಬೇಯಿಸಿ ಮಾರುತ್ತಿದ್ದ. ಕಾರು ನಿಲ್ಲಿಸಲು ಹೇಳಿ ಮಿಸ್ ಆಲ್ಮಾ ಇಳಿದು, ಒಂದು ಪೊಟ್ಟಣ ಕೊಂಡು, ಅವನನ್ನು ಗಂಭೀರವಾಗಿ ಕೇಳಿದರು: "ಸರ್, ಇದರಲ್ಲಿ ಸಾಸಿವೆ ಏನಾದರೂ ಇದೆಯೇ?" ಅವನು ಗಾಬರಿಯಾಗಿ ಹಂಡೆಯೊಳಗೆ ಇಣುಕಿ ನೋಡಿದ. ಕಾರಿನಲ್ಲಿ ಬಂದು ಕುಳಿತ ಮೇಲೆ ಅವರು ಹೊಟ್ಟೆ ಹಿಡಿದು ನಕ್ಕರು. ಹಿಂದಿನ ಮಧ್ಯಾಹ್ನದ ಅನಂತರ ನಾನು ನಕ್ಕದ್ದು ಆಗಲೇ.

ನಗು ಇಳಿದಾಗ ಅವರ ಫೋನಿಗೆ ಸಂದೇಶ ಬಂದಿತ್ತು. "ಸೋಮವಾರ ಹತ್ತು ಗಂಟೆ. ಲೇಬಲ್ ಬರೆದವರನ್ನೂ ಕರೆತನ್ನಿ."

ಅಲ್ಲಿಂದ ಅಟ್ಲಾಂಟಾದವರೆಗೆ ನಾನು ಮನಸ್ಸಿನಲ್ಲಿ ಭಾಷಣ ಸಿದ್ಧಪಡಿಸಿದೆ. ಸಣ್ಣ ತಯಾರಕರ ಮೇಲೆ ದೊಡ್ಡ ದೇಶಗಳ ನಿಯಮಗಳ ಭಾರ, ಭಾಷೆಯಿಂದ ಭಾಷೆಗೆ ಅಡುಗೆ ದಾಟುವಾಗ ಉಂಟಾಗುವ ನಷ್ಟ, ನಮ್ಮ ಸಂಸ್ಥೆಯ ಪರಿಶೀಲನಾ ಕ್ರಮವನ್ನು ಬಿಗಿಗೊಳಿಸುವ ಭರವಸೆ. ಆರಂಭವಿತ್ತು, ಏರಿಕೆಯಿತ್ತು, ಮುಕ್ತಾಯವಿತ್ತು. ಪಕ್ಕದಲ್ಲಿ ಮಿಸ್ ಆಲ್ಮಾ ಶೇಂಗಾ ಸುಲಿದು ಒಂದೊಂದಾಗಿ ನನ್ನ ಕೈಗೆ ಕೊಡುತ್ತಿದ್ದರು.

ಸೋಮವಾರ ಮೇಳದ ಸಭಾಂಗಣದ ಪಕ್ಕದ ಸಣ್ಣ ಕೋಣೆಯಲ್ಲಿ ಹೆಂಡ್ರಿಕ್ ಕಾಯುತ್ತಿದ್ದ. ಐವತ್ತರ ಆಸುಪಾಸಿನ ಎತ್ತರದ ಮನುಷ್ಯ, ಮುಖದಲ್ಲಿ ಯಾವ ಭಾವವೂ ಇಲ್ಲ. ನಮ್ಮ ಬಾಟಲಿಯನ್ನು ಮೇಜಿನ ಮಧ್ಯದಲ್ಲಿಟ್ಟು ಲೇಬಲ್ಲನ್ನು ನಮ್ಮ ಕಡೆಗೆ ತಿರುಗಿಸಿದ.

"ಇದನ್ನು ಬರೆದವರು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಿಸ್ ಆಲ್ಮಾ, "ಬಾಟಲಿಯ ಮೇಲೆ ನನ್ನ ಹೆಸರಿದೆ. ಅದರ ಮೇಲೆ ಏನಿದ್ದರೂ ನನ್ನದೇ" ಎಂದರು.

ಆ ಕ್ಷಣ ನಾನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಒಂದೆರಡು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ ಕೂಡ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ದಾರಿಯುದ್ದಕ್ಕೂ ಕಟ್ಟಿದ್ದ ಭಾಷಣದ ಒಂದು ಸಾಲೂ ನೆನಪಿಗೆ ಬರಲಿಲ್ಲ. "ಬರೆದದ್ದು ನಾನು. ಅವರು ಸಾಸಿವೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬಿಟ್ಟುಬಿಟ್ಟೆ" ಎಂದೆ. ಅಷ್ಟೇ. ನಾನು ಜೀವನದಲ್ಲಿ ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು.

ಹೆಂಡ್ರಿಕ್ ಹೇಗೆ ಬಿಟ್ಟುಹೋಯಿತೆಂದು ಕೇಳಿದ. ಪುಸ್ತಕ ತೆರೆದು ಆ ಕನ್ನಡ ಪದವನ್ನು ತೋರಿಸಿ, ನಮ್ಮ ಮನೆಗಳಲ್ಲಿ ಒಗ್ಗರಣೆ ಎಂದರೇನೆಂದು ಹೇಳಿದೆ. ಅವನ ಮುಖದಲ್ಲಿ ಮೊದಲ ಬಾರಿಗೆ ಏನೋ ಸಡಿಲವಾಯಿತು. ತನ್ನ ಅಜ್ಜಿಯೂ ಪಾಕವಿಧಾನ ಹೇಳುವಾಗ ಬೆಣ್ಣೆಯನ್ನು ಎಂದೂ ಹೇಳುತ್ತಿರಲಿಲ್ಲ, ಅದು ಇದ್ದೇ ಇರುತ್ತಿತ್ತು ಎಂದ. ಅನಂತರ ತನ್ನ ಫೋನನ್ನು ಮೇಜಿನ ಮೇಲೆ ನಮ್ಮತ್ತ ಸರಿಸಿದ.

ಅದರಲ್ಲೊಂದು ಫೋಟೊ ಇತ್ತು. ಒಂದು ಅಂಗಡಿಯ ಒಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಮಿಸ್ ಆಲ್ಮಾರ ಬಾಟಲಿಗಳು, ಸಣ್ಣ ಬ್ರೆಡ್ಡಿನ ತುಂಡುಗಳು. ಬಾಟಲಿಗಳ ಮುಂದೆ ದಪ್ಪ ಕಪ್ಪು ಪೆನ್ನಿನಲ್ಲಿ ಕೈಯಿಂದ ಬರೆದ ಒಂದು ರಟ್ಟು.

ಶನಿವಾರ ಬೆಳಗ್ಗೆ ತನ್ನ ಊರಿನ ಅಂಗಡಿಯೊಂದರಲ್ಲಿ ಬಂದವರಿಗೆಲ್ಲ ಈ ಸಾಸಿನ ರುಚಿ ತೋರಿಸಲು ಅವನು ಮೊದಲೇ ಏರ್ಪಾಡು ಮಾಡಿದ್ದನಂತೆ. ಜನ ಮೆಚ್ಚಿದರೆ ಸೋಮವಾರ ನಮಗೆ ಹೇಳಿ ಅಚ್ಚರಿಗೊಳಿಸೋಣವೆಂದು ತಿಳಿಸಿರಲಿಲ್ಲ. ಮಿಸ್ ಆಲ್ಮಾರ ಕರೆ ಬಂದಾಗ ಅಲ್ಲಿ ಶುಕ್ರವಾರದ ಸಂಜೆ. ಅಂಗಡಿಯಾಕೆ ಬಾಗಿಲು ಹಾಕುತ್ತಿದ್ದಳು. ಎಲ್ಲವನ್ನೂ ತೆಗೆದುಬಿಡು ಎಂದು ಅವನು ಫೋನ್ ಮಾಡಿ ಹೇಳಿದ. ಆಕೆ, ಇರಲಿ, ದೊಡ್ಡದಾಗಿ ಬರೆದಿಟ್ಟು ಬಂದವರಿಗೆ ಬಾಯಲ್ಲೂ ಹೇಳುತ್ತೇನೆ ಎಂದಳು. ಆ ರಟ್ಟಿನ ಮೇಲಿದ್ದದ್ದು ಡಚ್ ಭಾಷೆಯ ಎರಡೇ ಪದ: ಸಾಸಿವೆ ಇದೆ.

"ಬಾಟಲಿಗಳು ಖಾಲಿಯಾದವು" ಎಂದ ಹೆಂಡ್ರಿಕ್. "ಆದರೆ ಅಂಗಡಿಯಾಕೆ ನನಗೆ ಫೋನ್ ಮಾಡಿ ಹೇಳಿದ್ದು ಅದನ್ನಲ್ಲ. ಒಬ್ಬ ತಾಯಿ ಬಂದಳಂತೆ. ಮಗು ಆಗಲೇ ಬ್ರೆಡ್ಡಿಗೆ ಕೈ ಚಾಚಿತ್ತು. ತಾಯಿ ರಟ್ಟು ಓದಿ, ಮಗುವಿನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳಂತೆ."

ಮಿಸ್ ಆಲ್ಮಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಫೋಟೊವನ್ನು ಇನ್ನೊಮ್ಮೆ ನೋಡಿದರು. "ಅಕ್ಷರ ಚೆನ್ನಾಗಿ ಬರೆದಿದ್ದಾಳೆ" ಎಂದರು, ಶಿಕ್ಷಕಿಯ ದನಿಯಲ್ಲಿ.

ಕ್ರಿಸ್‌ಮಸ್ ಪಟ್ಟಿಯ ಆ ಜಾಗ ನಮಗೆ ಸಿಗಲಿಲ್ಲ. ಲೇಬಲ್, ವರದಿ ಎಲ್ಲವನ್ನೂ ಹೊಸದಾಗಿ ಮಾಡಿಸುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆಂದು ಹೆಂಡ್ರಿಕ್ ನೇರವಾಗಿಯೇ ಹೇಳಿದ. ನನ್ನ ತಪ್ಪಿನ ಬೆಲೆ ಅದು, ಅದನ್ನು ತೆತ್ತವರು ದ್ವೀಪದ ಏಳು ಹೆಂಗಸರು. ಆದರೆ ವಸಂತಕಾಲದಿಂದ ತಾನು ಸರಕು ಒದಗಿಸುವ ಅಂಗಡಿಗಳಿಗೆ ನಿಯಮಿತವಾಗಿ ಸಾಸ್ ತರಿಸಿಕೊಳ್ಳುವುದಾಗಿ ಒಂದು ಪತ್ರ ಬರೆದುಕೊಟ್ಟ. ಬರೆಯುವಾಗ ತಲೆಯೆತ್ತದೆ ಹೇಳಿದ: "ಬೆಲೆ ಹೆಚ್ಚಾಯಿತು, ಹಡಗು ತಡವಾಯಿತು ಅಂತ ನನಗೆ ದಿನಾ ಫೋನ್ ಬರುತ್ತೆ. ತಿನ್ನಬೇಡಿ ಅಂತ ಫೋನ್ ಮಾಡಿದವರು ನೀವೊಬ್ಬರೇ." ಆ ಪತ್ರ ನೋಡಿ ಚರ್ಚಿನ ಸಮಿತಿ ಕೋಣೆಯನ್ನು ಈಸ್ಟರ್‌ವರೆಗೆ ಅವರಿಗೇ ಬಿಟ್ಟುಕೊಟ್ಟಿತು. ಈಸ್ಟರ್‌ಗೆ ಮುಂಚೆಯೇ ಮೊದಲ ಪೆಟ್ಟಿಗೆಗಳು ಹಡಗು ಹತ್ತಿದವು. ಅಡುಗೆಮನೆ ಇಂದಿಗೂ ನಡೆಯುತ್ತಿದೆ.

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ನಾನು ಕ್ಷಮೆ ಕೇಳಿದೆ. ಹಿಂದೆಯೂ ಕೇಳಿದ್ದೆ, ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲ ನನ್ನ ಗಲ್ಲ ತಟ್ಟಿ, "ಹೊಸ ಲೇಬಲ್ ಬರೆಯೋದೂ ನೀನೇ. ಬೇರೆ ಯಾರೂ ಇನ್ನು ಮೇಲೆ ನಿನ್ನಷ್ಟು ಜಾಗ್ರತೆಯಿಂದ ಬರೆಯೋದಿಲ್ಲ" ಎಂದು ಹೇಳಿ ಒಳಗೆ ಹೋದರು.

ನಾನು ಕಲಿತ ಚರ್ಚೆ ಎದುರಾಳಿ ಎತ್ತಿದ ಪ್ರಶ್ನೆಗೆ ಉತ್ತರಿಸುವ ವಿದ್ಯೆ. ಎದುರಾಳಿ ಕೇಳದಿದ್ದರೆ ಅದು ನಮ್ಮ ಗೆಲುವು. ಯಾವ ವೇದಿಕೆಗೂ ಬಾರದ, ಬಾಟಲಿಯ ಮೇಲಿನ ಅಕ್ಷರವನ್ನಷ್ಟೇ ನಂಬಿ ಕೈ ಚಾಚುವ ಒಬ್ಬರಿದ್ದಾರೆ, ಅವರ ಪರವಾಗಿ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು ಎಂಬುದನ್ನು ನನಗೆ ಯಾವ ಪಾರಿತೋಷಕವೂ ಕಲಿಸಿರಲಿಲ್ಲ. ಸಣ್ಣ ನಾಡುಗಳು ಸಿದ್ಧವಸ್ತು ಮಾರಬೇಕು, ದೊಡ್ಡ ಮಾರುಕಟ್ಟೆಗಳು ಬಾಗಿಲು ತೆರೆಯಬೇಕು ಎಂದು ಈಗಲೂ ವಾದಿಸುತ್ತೇನೆ. ಆ ಬಾಗಿಲನ್ನು ತಲೆಯೆತ್ತಿ ದಾಟುವುದು ಹೇಗೆಂದು ಕೇಳಿದವರಿಗೆ ಮಿಸ್ ಆಲ್ಮಾರ ಫೋನ್ ಕರೆಯ ಕತೆ ಹೇಳುತ್ತೇನೆ.

2023ರ ಶರತ್ಕಾಲದಲ್ಲಿ ರೆಸ್ಟನ್‌ಗೆ ಒಂದು ಪಾರ್ಸೆಲ್ ಬಂತು. ಒಳಗೆ ಮೂರು ಬಾಟಲಿ. ಇಂಚರ ಒಂದನ್ನೆತ್ತಿ ಲೇಬಲ್ ಓದತೊಡಗಿ, "ಅಮ್ಮಾ, ಲುಕ್! ಸಾಸಿವೆ ಮಾತ್ರ ಯಾಕೆ ಇಷ್ಟು ಡಾರ್ಕ್ ಆಗಿದೆ? ಥ್ರೀ ಲ್ಯಾಂಗ್ವೇಜಸ್‌ನಲ್ಲೂ!" ಎಂದಳು. ಆಗ ನಾನು ಒಲೆಯ ಮುಂದೆ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದೆ. ಸಾಸಿವೆ ಸಿಡಿಯುವ ಸದ್ದು ಕೇಳಿದಾಗಲೆಲ್ಲ ನನಗೆ, ನಾನೆಂದೂ ನೋಡದ ಊರಿನ ಆ ಅಂಗಡಿಯಲ್ಲಿ, ಒಬ್ಬ ತಾಯಿ ರಟ್ಟು ಓದಿ ಮಗುವಿನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ಯುವುದು ಕಾಣಿಸುತ್ತದೆ. ಅವಳಿಗೆ ಗ್ರೆನಡಾದ ಮಿಸ್ ಆಲ್ಮಾ ಯಾರೆಂದು ಗೊತ್ತಿಲ್ಲ. ಮಗುವಿಗೆ ಏನೂ ಆಗದ್ದರಿಂದ ಗೊತ್ತಾಗಬೇಕಾದ ಸಂದರ್ಭವೇ ಅವಳಿಗೆ ಬರಲಿಲ್ಲ.